ಡ್ರೈವ್ ಆನ್ ಆದ ಕೂಡಲೇ ಮೀಟರ್ ಯಾಕೆ ಮಾತು ನಿಲ್ಲಿಸುತ್ತದೆ?

ಗಂಗಾವತಿ ಕಡೆಯ ಒಂದು ರೈಸ್ ಮಿಲ್. ಶೀಟಿನ ಮೇಲೆ ಸೋಲಾರ್ ಹಾಕಿಸಿದ್ದಾರೆ. ಕೆಳಗೆ ಐದಾರು ಎನರ್ಜಿ ಮೀಟರ್‌ಗಳಿವೆ. ಎಲ್ಲವೂ ಒಂದೇ ಸಣ್ಣ ಕೇಬಲ್ಲಿನಲ್ಲಿ ಒಂದು ಪುಟ್ಟ ಡಬ್ಬಿಗೆ ಲೆಕ್ಕ ಒಪ್ಪಿಸುತ್ತವೆ. ಆ ಡಬ್ಬಿ ಅದನ್ನು ಮಾಲೀಕರ ಮೊಬೈಲ್‌ಗೆ ಕಳಿಸುತ್ತದೆ. ಮಿಲ್ ನಿಂತ ದಿನ ಎಲ್ಲ ಸರಿಯಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ಪಾಲಿಶರ್ (ಅಕ್ಕಿಗೆ ಪಾಲಿಶ್ ಹಾಕುವ ಯಂತ್ರ) ಮೋಟರಿನ ವೇಗ ನೋಡಿಕೊಳ್ಳುವ ಡ್ರೈವ್ ಆನ್ ಆಯಿತೋ ಇಲ್ಲವೋ, ಆ್ಯಪ್‌ನಲ್ಲಿ ‘ಆಫ್‌ಲೈನ್’. ಸೋಲಾರ್‌ನವರು ಮೀಟರ್ ಮೇಲೆ ಹೇಳಿದರು. ಮೀಟರ್‌ನವರು ಡಬ್ಬಿ ಮೇಲೆ ಹೇಳಿದರು. ಎರಡನ್ನೂ ಬದಲಾಯಿಸಿದ ಮೇಲೂ ಅದೇ ಕಥೆ.

ನಾನು ಹೋಗಿ ನೋಡಿದಾಗ ಮೀಟರೂ ಚೆನ್ನಾಗಿತ್ತು, ಡಬ್ಬಿಯೂ ಚೆನ್ನಾಗಿತ್ತು. ತೊಂದರೆ ಇದ್ದದ್ದು ಅವುಗಳ ನಡುವಿನ ಕೇಬಲ್ ಎಳೆದ ರೀತಿಯಲ್ಲಿ. ಇಂಥ ತೊಂದರೆ ಈಗ ಮಿಲ್‌ಗಳಲ್ಲಿ ಮಾತ್ರ ಇಲ್ಲ. ಲಿಫ್ಟ್ ಮತ್ತು ನೀರಿನ ಪಂಪಿಗೆ ಡ್ರೈವ್ ಹಾಕಿಸಿಕೊಂಡ ಅಪಾರ್ಟ್‌ಮೆಂಟ್‌ಗಳಲ್ಲೂ, ಸಣ್ಣ ವರ್ಕ್‌ಶಾಪ್‌ಗಳಲ್ಲೂ ಬರುತ್ತಿದೆ. ಸಾವಿರಾರು ರೂಪಾಯಿಯ ಸಾಮಾನು ಬದಲಾಯಿಸುವ ಮೊದಲು ಕೇಬಲ್ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡರೆ ತುಂಬ ಉಪಯೋಗವಿದೆ.

ಮೀಟರ್ ಮಾತಾಡುವುದು ಹೇಗೆ

ಈ ಸಣ್ಣ ಕೇಬಲ್ಲಿನಲ್ಲಿ ಲೆಕ್ಕ ಹೋಗುವ ರೀತಿಗೆ ಸೀರಿಯಲ್ ಎನ್ನುತ್ತಾರೆ. ಸೀರಿಯಲ್ ಎಂದರೆ ಸಾಲಾಗಿ ಎಂದರ್ಥ. ಕಾಲುಸಂಕದ ಮೇಲೆ ಜನ ಒಬ್ಬರ ಹಿಂದೆ ಒಬ್ಬರು ದಾಟುವ ಹಾಗೆ, ಸೊನ್ನೆ ಮತ್ತು ಒಂದುಗಳು ಒಂದೇ ಜೋಡಿ ತಂತಿಯಲ್ಲಿ ಒಂದಾದ ಮೇಲೆ ಒಂದು ಹೋಗುತ್ತವೆ. ಈ ಒಂದೊಂದು ಅಂಕಿಗೆ ಬಿಟ್ ಎನ್ನುತ್ತಾರೆ. ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಇಡುವ ವೇಗ ಸೆಕೆಂಡಿಗೆ 9600 ಬಿಟ್. ಹಾಗಾದರೆ ಒಂದು ಬಿಟ್ ತಂತಿಯ ಮೇಲೆ ಇರುವುದು ಸುಮಾರು 104 ಮೈಕ್ರೋಸೆಕೆಂಡ್ ಮಾತ್ರ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಸೆಕೆಂಡ್.

ಇಲ್ಲಿ ಎರಡು ಹೆಸರು ಪದೇಪದೇ ಬರುತ್ತವೆ. ಒಂದು ಮಾಡ್‌ಬಸ್. ಅದು ಭಾಷೆ. 1979ರಲ್ಲಿ ಮಾಡಿಕಾನ್ ಕಂಪನಿ ತಂದದ್ದು, ಇವತ್ತಿಗೂ ಮೀಟರ್, ಡ್ರೈವ್, ಸೋಲಾರ್ ಇನ್ವರ್ಟರ್‌ಗಳಲ್ಲಿ ಅದೇ ಇದೆ. ಇನ್ನೊಂದು ಆರ್‌ಎಸ್-485. ಅದು ಆ ಭಾಷೆ ಸಾಗುವ ದಾರಿ. ತಂತಿಯ ಮೇಲೆ ಎಷ್ಟು ವೋಲ್ಟ್ ಇರಬೇಕು, ಎಷ್ಟು ಜನ ಸೇರಬಹುದು ಎಂದು ಹೇಳುವ 1983ರ ನಿಯಮ.

ಮಾಡ್‌ಬಸ್ ನಡೆಯುವುದು ಮೇಷ್ಟ್ರು ಹಾಜರಿ ಕರೆದ ಹಾಗೆ. ಡಬ್ಬಿ ‘ನಂಬರ್ ಮೂರು, ಎಷ್ಟು ಯೂನಿಟ್?’ ಎಂದು ಕೇಳುತ್ತದೆ. ಎಲ್ಲ ಮೀಟರ್‌ಗಳಿಗೂ ಕೇಳಿಸುತ್ತದೆ. ಮೂರನೆಯದು ಮಾತ್ರ ಉತ್ತರ ಕೊಡುತ್ತದೆ. ಪ್ರತಿ ಮಾತಿನ ಕೊನೆಗೆ ಸಿಆರ್‌ಸಿ ಎಂಬ ತಾಳೆ ಲೆಕ್ಕ ಇರುತ್ತದೆ. ನಡುವೆ ಒಂದೇ ಒಂದು ಬಿಟ್ ಕೆಟ್ಟರೂ ತಾಳೆ ಕೂಡುವುದಿಲ್ಲ. ಆಗ ಮೀಟರ್ ಸುಮ್ಮನಿರುತ್ತದೆ. ತಪ್ಪು ಉತ್ತರ ಕೊಡುವುದಕ್ಕಿಂತ ಅದೇ ವಾಸಿ ಅಲ್ವಾ? ಆದರೆ ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಕಾದು ‘ಆಫ್‌ಲೈನ್’ ಎಂದು ಬರೆಯುತ್ತದೆ. ಮೀಟರ್ ಸತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದಕ್ಕೆ ಪ್ರಶ್ನೆ ಅರ್ಥ ಆಗಿರಲಿಲ್ಲ, ಅಷ್ಟೇ.

ಗದ್ದಲ ಹುಟ್ಟುವ ಜಾಗ

ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ವಿಎಫ್‌ಡಿಯನ್ನು ಎಲ್ಲರೂ ಡ್ರೈವ್ ಎನ್ನುತ್ತಾರೆ. ಅದು 415 ವೋಲ್ಟಿನ ತ್ರೀ-ಫೇಸ್ ಕರೆಂಟನ್ನು ಮೊದಲು ಸುಮಾರು 580 ವೋಲ್ಟ್ ಡಿಸಿ ಮಾಡುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟರಿಗೆ ಕೊಡುತ್ತದೆ. ಒಂದೊಂದು ಸಲ ಕತ್ತರಿಸುವಾಗಲೂ ವೋಲ್ಟೇಜ್ ಸೊನ್ನೆಯಿಂದ 580ಕ್ಕೆ ಹಾರುತ್ತದೆ. ಅದಕ್ಕೆ ಹಿಡಿಯುವ ಸಮಯ ಒಂದು ಮೈಕ್ರೋಸೆಕೆಂಡಿಗೂ ಕಡಿಮೆ.

ಬಾಗಿಲನ್ನು ಮೆಲ್ಲಗೆ ಮುಚ್ಚಿದರೆ ಪಕ್ಕದ ಕೋಣೆಗೆ ಗೊತ್ತಾಗುವುದಿಲ್ಲ. ಧಡಾರನೆ ಬಡಿದರೆ ಕಿಟಕಿಯ ಗಾಜೂ ನಡುಗುತ್ತದೆ. ಮಾಮೂಲಿ 50 ಹರ್ಟ್ಸ್ ಕರೆಂಟ್ ಮೆಲ್ಲಗೆ ಮುಚ್ಚುವ ಬಾಗಿಲು. ಡ್ರೈವ್ ಪ್ರತಿ ಸೆಕೆಂಡೂ ಸಾವಿರಾರು ಸಲ ಬಡಿಯುವ ಬಾಗಿಲು.

ಈ ಬಡಿತವೇ ನಾನು ಹೇಳುವ ಗದ್ದಲ. ಅದು ನಮ್ಮ ಸಣ್ಣ ಕೇಬಲ್‌ಗೆ ಮುಟ್ಟುವ ದಾರಿ ಮೂರು. ಮೋಟರ್ ಕೇಬಲ್ಲಿನ ವೋಲ್ಟೇಜ್ ಪಕ್ಕದ ತಂತಿಯನ್ನು ದೂರದಿಂದಲೇ ಎಳೆದಾಡುತ್ತದೆ. ಅದರಲ್ಲಿ ಹರಿಯುವ ಕರೆಂಟು ಸುತ್ತ ಅಯಸ್ಕಾಂತದ ಪ್ರಭಾವ ಹರಡಿ ಪಕ್ಕದ ತಂತಿಯಲ್ಲಿ ಹೊಸ ವೋಲ್ಟೇಜ್ ಹುಟ್ಟಿಸುತ್ತದೆ. ಮೂರನೆಯ ದಾರಿ ಅರ್ಥಿಂಗ್. ಜನ ಕಡಿಮೆ ಯೋಚಿಸುವುದು ಇದರ ಬಗ್ಗೆಯೇ.

ಹೊರಟ ಕರೆಂಟ್ ಹೊರಟ ಜಾಗಕ್ಕೆ ವಾಪಸ್ ಬರಲೇಬೇಕು. ಪ್ರತಿ ಬಡಿತಕ್ಕೂ ಮೋಟರ್ ಕೇಬಲ್ ಮತ್ತು ವೈಂಡಿಂಗ್‌ನಿಂದ ಸ್ವಲ್ಪ ಕರೆಂಟ್ ಮೋಟರಿನ ಮೈಗೆ, ಅಲ್ಲಿಂದ ಅರ್ಥಿಗೆ ಸೋರುತ್ತದೆ. ಅದು ಡ್ರೈವ್‌ಗೆ ಮರಳಲು ದಾರಿ ಹುಡುಕುತ್ತದೆ. ಮೋಟರ್ ಕೇಬಲ್ಲಿನ ಜೊತೆಗೇ ಒಂದು ಗಟ್ಟಿ ಅರ್ಥ್ ತಂತಿ ಡ್ರೈವ್‌ನ ಅರ್ಥ್ ಟರ್ಮಿನಲ್‌ಗೆ ಬಂದಿದ್ದರೆ ಬಹುಪಾಲು ಅಲ್ಲೇ ವಾಪಸ್ ಬರುತ್ತದೆ. ಇಲ್ಲದಿದ್ದರೆ ಕಬ್ಬಿಣದ ಕಂಬ, ಕೇಬಲ್ ಟ್ರೇ, ಪೈಪು, ಕೊನೆಗೆ ಮೀಟರ್ ಕೇಬಲ್ಲಿನ ಶೀಲ್ಡ್ (ಮೇಲಿನ ಲೋಹದ ಹೊದಿಕೆ), ಯಾವುದು ಸಿಕ್ಕರೂ ಅದರಲ್ಲಿ ಹರಿಯುತ್ತದೆ. ಆ ಮಿಲ್‌ನಲ್ಲಿ ಪಾಲಿಶರ್ ಮೋಟರಿಗೆ ಹತ್ತಿರದ ಕಂಬದಿಂದ ಅರ್ಥ್ ಕೊಟ್ಟಿದ್ದರು. ಡ್ರೈವ್‌ಗೆ ಮರಳುವ ನೇರ ದಾರಿ ಇರಲೇ ಇಲ್ಲ.

ತಕ್ಕಡಿಯ ಲೆಕ್ಕ

ಆರ್‌ಎಸ್-485ಕ್ಕೂ ಮುಂಚೆ, 1960ರಲ್ಲಿ ಬಂದದ್ದು ಆರ್‌ಎಸ್-232. ಅದರಲ್ಲಿ ಒಂದು ತಂತಿ ಮಾತಾಡುತ್ತದೆ, ಇನ್ನೊಂದು ‘ಸೊನ್ನೆ ಇಲ್ಲಿದೆ’ ಎಂದು ತೋರಿಸುತ್ತದೆ. ಗೋಡೆ ಮೇಲೆ ಗೆರೆ ಎಳೆದು, ತಟ್ಟೆ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ನೋಡುವ ಹಾಗೆ. ಗೋಡೆಯೇ ಅಲುಗಾಡಿದರೆ ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಮಷಿನ್‌ಗಳಿಗೆ ಪ್ರೋಗ್ರಾಮ್ ಹಾಕುವುದು ಈಗಲೂ ಹೀಗೆಯೇ. ಬೆಂಗಳೂರಿನ ಪೀಣ್ಯದ ಕಡೆ ಇಂಥ ಮಷಿನ್ ಇಟ್ಟುಕೊಂಡವರಿಗೆ ಒಂದು ಮಾತು: ಲ್ಯಾಪ್‌ಟಾಪ್ ಚಾರ್ಜರ್ ಒಂದು ಸಾಕೆಟ್‌ನಲ್ಲಿ, ಮಷಿನ್ ಬೇರೆ ಲೈನಿನಲ್ಲಿ ಇದ್ದರೆ ಎರಡರ ಅರ್ಥ್ ನಡುವಿನ ವೋಲ್ಟೇಜ್ ಈ ಸಣ್ಣ ಕೇಬಲ್ ಮೇಲೆಯೇ ಬೀಳುತ್ತದೆ. ಪೋರ್ಟ್ ಸುಡುವುದು ಹೀಗೆ. ಎರಡನ್ನೂ ಆಫ್ ಮಾಡಿ ಕೇಬಲ್ ಹಾಕುವುದು, ಒಳಗೆ ಐಸೊಲೇಷನ್ (ಎರಡು ಕಡೆಯ ತಂತಿಗಳಿಗೆ ನೇರ ನಂಟು ಇಲ್ಲದ ಏರ್ಪಾಡು) ಇರುವ ಕನ್ವರ್ಟರ್ ಬಳಸುವುದು ಒಳ್ಳೆಯದು.

ಆರ್‌ಎಸ್-485 ಗೋಡೆಯ ಗೆರೆ ಬಿಟ್ಟು ತಕ್ಕಡಿ ಹಿಡಿಯಿತು. ಎ ಮತ್ತು ಬಿ ಎಂಬ ಎರಡು ತಂತಿ, ಎರಡು ತಟ್ಟೆ. ಎ ಏರಿದಾಗ ಬಿ ಇಳಿಯುತ್ತದೆ. ಕೇಳುವ ಮೀಟರ್ ನೋಡುವುದು ತಕ್ಕಡಿಯ ಮುಳ್ಳನ್ನು ಮಾತ್ರ. ಎರಡರ ನಡುವೆ 0.2 ವೋಲ್ಟ್ ವ್ಯತ್ಯಾಸ ಇದ್ದರೂ ಅದಕ್ಕೆ ಸಾಕು. ಮಳೆ ಬಂದು ಎರಡು ತಟ್ಟೆಗೂ ಸಮನಾಗಿ ನೀರು ಬಿದ್ದರೆ ಮುಳ್ಳು ಅಲುಗಾಡುವುದಿಲ್ಲ ಅಲ್ವಾ? ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ಮುಟ್ಟಿದರೆ ಮಾತು ಕೆಡುವುದಿಲ್ಲ. ಈ ಗುಣದಿಂದಲೇ ಕಡಿಮೆ ವೇಗದಲ್ಲಿ ಇದು ಸುಮಾರು 1200 ಮೀಟರ್ ತನಕ ಓಡುತ್ತದೆ.

ಆದರೆ ಎರಡು ಷರತ್ತು ಇವೆ. ಮಳೆ ಎರಡು ತಟ್ಟೆಗೂ ಸಮನಾಗಿ ಬೀಳಬೇಕು. ಮತ್ತೆ, ಇಡೀ ತಕ್ಕಡಿ ತೀರಾ ಮೇಲೆ ಹೋಗಿ ಜಂತೆಗೆ ತಾಗಬಾರದು, ತೀರಾ ಕೆಳಗಿಳಿದು ನೆಲಕ್ಕೆ ಮುಟ್ಟಬಾರದು. ಕೇಬಲ್ ಎಳೆಯುವ ನಿಯಮಗಳಲ್ಲಿ ಹೆಚ್ಚಿನವು ಈ ಎರಡು ಷರತ್ತಿನಿಂದಲೇ ಬಂದಿವೆ.

ತಂತಿ ಹೆಣೆದಿರುವುದು ಯಾಕೆ

ಎರಡು ತಂತಿ ಸುಮ್ನೆ ಪಕ್ಕಪಕ್ಕ ಹೋದರೆ ಒಂದು ಮೋಟರ್ ಕೇಬಲ್‌ಗೆ ಕೊಂಚ ಹತ್ತಿರ, ಇನ್ನೊಂದು ಕೊಂಚ ದೂರ. ಒಂದು ತಟ್ಟೆ ಸೂರಿನ ನೀರು ಬೀಳುವ ಕಡೆ, ಇನ್ನೊಂದು ಒಳಗೆ. ಜಡೆಯ ಹಾಗೆ ಹೆಣೆದರೆ ಪ್ರತಿ ಕೆಲವು ಸೆಂಟಿಮೀಟರಿಗೆ ಅವು ಜಾಗ ಬದಲಿಸಿಕೊಳ್ಳುತ್ತವೆ. ಒಂದು ಸುತ್ತಿನಲ್ಲಿ ಹುಟ್ಟಿದ ಗದ್ದಲವನ್ನು ಮುಂದಿನ ಸುತ್ತು ಅಳಿಸುತ್ತದೆ. ಇದು ಹಳೆಯ ಜಾಣತನ. ಟೆಲಿಫೋನ್ ತಂತಿಗೆಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಹಾಗಾಗಿ ಮನೆ ವೈರಿಂಗ್‌ನ ಎರಡು ಬಿಡಿ ತಂತಿ, ಸ್ಪೀಕರ್ ವೈರು ಇಲ್ಲಿ ಬೇಡ. ಹೆಣೆದ ಜೋಡಿಯಲ್ಲೂ ಎ ಒಂದು ಜೋಡಿಯಿಂದ, ಬಿ ಇನ್ನೊಂದು ಜೋಡಿಯಿಂದ ತೆಗೆದರೆ ಹೆಣೆದದ್ದು ದಂಡ. ಟರ್ಮಿನಲ್ ಹತ್ತಿರ ಬಿಚ್ಚುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಕಾಮನ್, ಶೀಲ್ಡ್, ಅರ್ಥ್: ಮೂರಕ್ಕೂ ಬೇರೆ ಕೆಲಸ

ನಾನು ಕಂಡ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಹುಟ್ಟುತ್ತವೆ. ಮೂರನ್ನೂ ‘ಗ್ರೌಂಡ್’ ಎಂದು ಕರೆದು, ಸಿಕ್ಕ ಸ್ಕ್ರೂಗೆ ಸೇರಿಸಿಬಿಡುತ್ತಾರೆ.

ಕಾಮನ್ ಎಂದರೆ ತಕ್ಕಡಿ ನೇತುಹಾಕಿದ ಎತ್ತರವನ್ನು ಎಲ್ಲ ಮೀಟರ್‌ಗಳಿಗೂ ಒಂದೇ ಮಾಡುವ ತಂತಿ. ಎ ಮತ್ತು ಬಿ ಎರಡೇ ಸಾಕು ಎಂದು ತುಂಬ ಜನ ನಂಬಿದ್ದಾರೆ. ಆದರೆ ನಿಯಮದ ಪ್ರಕಾರ ಕೇಳುವವನ ಸೊನ್ನೆಯಿಂದ ಅಳೆದಾಗ ಆ ತಂತಿಗಳು ಮೈನಸ್ 7 ಮತ್ತು ಪ್ಲಸ್ 12 ವೋಲ್ಟಿನ ನಡುವೆ ಇರಬೇಕು. ಒಂದು ಮೀಟರಿನ ಸೊನ್ನೆ ಇನ್ನೊಂದರ ಸೊನ್ನೆಗಿಂತ 15 ವೋಲ್ಟ್ ಮೇಲಿದ್ದರೆ ತಕ್ಕಡಿ ಜಂತೆಗೆ ತಾಗಿತು. ಮುಳ್ಳು ಎಷ್ಟೇ ಸರಿಯಾಗಿದ್ದರೂ ಓದಲು ಆಗುವುದಿಲ್ಲ. ಅದಕ್ಕೇ ಮೂರನೆಯ ತಂತಿ. ಮೀಟರ್ ಮೇಲೆ ಅದನ್ನು ಸಿ, ಕಾಮ್, ಎಸ್‌ಜಿ, ಜಿಎನ್‌ಡಿ ಎಂದು ಬೇರೆಬೇರೆ ಹೆಸರಿನಲ್ಲಿ ಬರೆದಿರುತ್ತಾರೆ. ಎರಡು ಜೋಡಿ ಇರುವ ಕೇಬಲ್ ತಂದರೆ ಒಂದು ಜೋಡಿ ಎ-ಬಿಗೆ, ಇನ್ನೊಂದು ಜೋಡಿ ಕಾಮನ್‌ಗೆ ಆಗುತ್ತದೆ. ಆ ತಂತಿಯಲ್ಲಿ ಜಾಸ್ತಿ ಕರೆಂಟ್ ಹರಿಯದಂತೆ 100 ಓಮ್ ರೆಸಿಸ್ಟರ್ ನಡುವೆ ಹಾಕುವ ಪದ್ಧತಿಯೂ ಇದೆ.

ಶೀಲ್ಡ್ ಕೇಬಲ್ಲಿನ ಮೇಲಿನ ಲೋಹದ ಹೊದಿಕೆ. ಮಳೆಗೆ ಕೊಡೆಯ ಹಾಗೆ. ಅದರ ಕೆಲಸ ಗದ್ದಲವನ್ನು ತನ್ನ ಮೇಲೆ ತೆಗೆದುಕೊಂಡು ಅರ್ಥಿಗೆ ಸಾಗಿಸುವುದು. ಅದನ್ನೇ ಕಾಮನ್ ಮಾಡಿದರೆ? ಕೊಡೆಯ ಮೇಲೆ ಬಿದ್ದ ನೀರನ್ನೆಲ್ಲ ತಕ್ಕಡಿಯ ಹಗ್ಗಕ್ಕೆ ಬಿಟ್ಟ ಹಾಗೆ. ಮಿಲ್‌ನಲ್ಲಿ ಆಗಿದ್ದು ಇದೇ. ಎ, ಬಿ ಮತ್ತು ಶೀಲ್ಡ್. ಶೀಲ್ಡ್ ಪ್ರತಿ ಮೀಟರಿನ ಜಿಎನ್‌ಡಿಗೂ ಸೇರಿತ್ತು, ಅಲ್ಲಲ್ಲಿ ಬಾಕ್ಸಿನ ಮೈಗೂ ತಾಗುತ್ತಿತ್ತು. ಪಾಲಿಶರ್‌ನ ಸೋರಿಕೆ ಕರೆಂಟಿಗೆ ಅದು ರಾಜಮಾರ್ಗ ಆಗಿತ್ತು.

ಹಾಗಾದರೆ ಶೀಲ್ಡನ್ನು ಒಂದು ತುದಿಯಲ್ಲಿ ಅರ್ಥ್ ಮಾಡಬೇಕೋ, ಎರಡೂ ತುದಿಯಲ್ಲೋ? ಇದು ವೈರ್‌ಮನ್‌ಗಳ ನಡುವೆ ಮುಗಿಯದ ವಾದ. ಎರಡೂ ಕಡೆಯವರ ಮಾತಿನಲ್ಲಿ ನಿಜವಿದೆ. ಎರಡೂ ತುದಿ ಸೇರಿಸಿದರೆ, ಎರಡು ಜಾಗದ ಅರ್ಥ್ ನಡುವೆ ವೋಲ್ಟೇಜ್ ಇದ್ದಾಗ ಶೀಲ್ಡ್‌ನಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ಒಂದೇ ತುದಿ ಸೇರಿಸಿದರೆ ಆ ಕಾಟ ಇಲ್ಲ. ಆದರೆ ಡ್ರೈವ್‌ನ ಗದ್ದಲ ಲಕ್ಷ, ಕೋಟಿ ಹರ್ಟ್ಸ್ ತನಕ ಹೋಗುತ್ತದೆ. ಅಷ್ಟು ವೇಗದ ಗದ್ದಲಕ್ಕೆ ಬಿಟ್ಟ ತುದಿಯ ಉದ್ದ ಶೀಲ್ಡ್ ಏರಿಯಲ್ ಆಗಿಬಿಡುತ್ತದೆ.

ಒಂದೇ ಕಟ್ಟಡದಲ್ಲಿ, ಅರ್ಥಿಂಗ್ ಎಲ್ಲ ಗಟ್ಟಿಯಾಗಿ ಸೇರಿದ್ದು, ಡ್ರೈವ್‌ಗಳೂ ಇದ್ದರೆ ಎರಡೂ ತುದಿ ಸೇರಿಸುವುದು ನನಗೆ ಸರಿ ಕಾಣುತ್ತದೆ. ಅರ್ಥಿಂಗ್ ಮೇಲೆ ಭರವಸೆ ಇಲ್ಲದಿದ್ದರೆ ಪ್ಯಾನೆಲ್ ಕಡೆ ನೇರವಾಗಿ, ಇನ್ನೊಂದು ಕಡೆ ಸಣ್ಣ ಕೆಪಾಸಿಟರ್ ಮೂಲಕ ಸೇರಿಸಬಹುದು. ಕೆಪಾಸಿಟರ್ 50 ಹರ್ಟ್ಸ್ ಅನ್ನು ತಡೆದು ವೇಗದ ಗದ್ದಲಕ್ಕೆ ಮಾತ್ರ ದಾರಿ ಬಿಡುತ್ತದೆ. ಮೀಟರ್ ಅಥವಾ ಡ್ರೈವ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಯಾವ ದಾರಿಯಾದರೂ ನಡುವೆ ಎಲ್ಲೂ ಶೀಲ್ಡ್ ತುಂಡಾಗಬಾರದು. ಪ್ರತಿ ಮೀಟರ್ ಹತ್ತಿರ ಬಂದ ಶೀಲ್ಡ್ ಹೋಗುವ ಶೀಲ್ಡ್‌ಗೆ ಸೇರಿ ಮುಂದುವರಿಯಬೇಕು.

ಸೇರಿಸುವ ರೀತಿಯಲ್ಲೂ ವಿಷಯವಿದೆ. ಶೀಲ್ಡ್ ಎಳೆಗಳನ್ನು ಬಾಲದ ಹಾಗೆ ತಿರುಚಿ, 15 ಸೆಂಟಿಮೀಟರ್ ಎಳೆದು ಲಗ್ ಹಾಕುವುದನ್ನು ಎಲ್ಲ ಕಡೆ ನೋಡುತ್ತೇವೆ. ಮಲ್ಟಿಮೀಟರ್ ಅದನ್ನು ಸೊನ್ನೆ ಓಮ್ ಎನ್ನುತ್ತದೆ. ಆದರೆ 1 ಕೋಟಿ ಹರ್ಟ್ಸ್‌ನ ಗದ್ದಲಕ್ಕೆ ಅದೇ ಬಾಲ ಸುಮಾರು 9 ಓಮ್ ಅಡ್ಡಿ. ಹೊರಗಿನ ಸಿಪ್ಪೆ ಬಿಡಿಸಿ, ಶೀಲ್ಡ್ ಸುತ್ತಲೂ ಹಿಡಿಯುವ ಲೋಹದ ಕ್ಲ್ಯಾಂಪ್ ಹಾಕಿ, ಪೇಂಟ್ ಕೆರೆದ ಪ್ಲೇಟಿಗೆ ಬಿಗಿದರೆ ಈ ಅಡ್ಡಿ ಬಹುತೇಕ ಇರುವುದಿಲ್ಲ.

ಇನ್ನು ಅರ್ಥ್. ಅದು ಮನುಷ್ಯರ ಜೀವ ಕಾಯಲು ಇರುವುದು. ಗದ್ದಲ ಕಡಿಮೆ ಮಾಡಲೆಂದು ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕಿತ್ತವರನ್ನು ನಾನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎಲೆಕ್ಟ್ರಾನಿಕ್ಸ್‌ಗೆಂದು ಬೇರೆ ಅರ್ಥ್ ಪಿಟ್ ತೋಡಿ ಅದನ್ನು ಮಿಕ್ಕ ಅರ್ಥಿಂಗ್‌ಗೆ ಸೇರಿಸದೆ ಬಿಡುವುದೂ ಅಪಾಯ. ಸಿಡಿಲು ಬಡಿದಾಗ ಅಥವಾ ಲೈನ್ ಶಾರ್ಟ್ ಆದಾಗ ಎರಡು ಪಿಟ್‌ಗಳ ನಡುವಿನ ವೋಲ್ಟೇಜ್ ಪೂರ್ತಿ ನಿಮ್ಮ ಮೀಟರ್ ಮೇಲೆ, ಕೆಲವೊಮ್ಮೆ ಅದನ್ನು ಮುಟ್ಟಿದವರ ಮೇಲೆ ಬೀಳುತ್ತದೆ. ಪಿಟ್ ಎಷ್ಟಾದರೂ ಇರಲಿ, ಎಲ್ಲವೂ ಒಂದಕ್ಕೊಂದು ಸೇರಿರಬೇಕು.

ಕೇಬಲ್ ಹೋಗುವ ದಾರಿ

ಮೋಟರ್ ಕೇಬಲ್ ಇರುವ ಟ್ರೇಯಲ್ಲಿ ಈ ಕೇಬಲ್ ಬೇಡ. ಕನಿಷ್ಠ 30 ಸೆಂಟಿಮೀಟರ್ ದೂರ ಇರಲಿ, ಡ್ರೈವ್‌ನಿಂದ ಹೊರಡುವ ಕೇಬಲ್ ಆದರೆ ಇನ್ನೂ ದೂರ. ದಾಟಲೇಬೇಕಾದರೆ ಅಡ್ಡಡ್ಡ, ಪ್ಲಸ್ ಗುರುತಿನ ಹಾಗೆ ದಾಟಲಿ. ಜೊತೆಜೊತೆಗೆ ಓಡುವ ಉದ್ದ ಹೆಚ್ಚಿದಷ್ಟೂ ಗದ್ದಲ ಹೆಚ್ಚು.

ಮೀಟರ್‌ಗಳನ್ನು ಹೂವಿನ ಹಾರದ ಹಾಗೆ ಒಂದರಿಂದ ಒಂದಕ್ಕೆ ಪೋಣಿಸಬೇಕು. ಒಂದು ಜಂಕ್ಷನ್ ಬಾಕ್ಸಿನಿಂದ ಎಲ್ಲ ದಿಕ್ಕಿಗೂ ಕವಲು ಎಳೆಯಬಾರದು. ಕಾರಣ ಪ್ರತಿಧ್ವನಿ. ಗಂಗಾವತಿಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆಯಲ್ಲಿ ಒಂದು ಅಲೆ ಎಬ್ಬಿಸಿ. ಕೊನೆಯ ಗೋಡೆಗೆ ಬಡಿದು ಅದು ವಾಪಸ್ ಬರುತ್ತದೆ, ಹಿಂದೆ ಬರುವ ಅಲೆಗೆ ಡಿಕ್ಕಿ ಹೊಡೆಯುತ್ತದೆ. ತಂತಿಯ ಖಾಲಿ ತುದಿಯಲ್ಲೂ ಬಿಟ್ ಹೀಗೇ ಮರಳುತ್ತದೆ. ಹಾರದ ಎರಡೂ ತುದಿಗೆ ಎ-ಬಿ ನಡುವೆ 120 ಓಮ್ ರೆಸಿಸ್ಟರ್ ಹಾಕಿದರೆ ಅಲೆ ಅಲ್ಲೇ ಇಂಗುತ್ತದೆ. ಎರಡೇ ಎರಡು. ಪ್ರತಿ ಮೀಟರಿಗೂ ಹಾಕಿದರೆ ಮಾತಾಡುವವನಿಗೆ ಭಾರ ಹೆಚ್ಚಿ ಧ್ವನಿ ಕುಗ್ಗುತ್ತದೆ.

ಇನ್ನೊಂದು ಸಣ್ಣ ವಿಷಯ. ಯಾರೂ ಮಾತಾಡದಾಗ ತಕ್ಕಡಿ ಖಾಲಿ. ಖಾಲಿ ತಕ್ಕಡಿ ಗಾಳಿಗೂ ಅಲ್ಲಾಡುತ್ತದೆ. ಆಗ ಮೀಟರ್ ಗದ್ದಲವನ್ನೇ ಮಾತು ಎಂದುಕೊಳ್ಳುತ್ತದೆ. ಬಯಾಸ್ ಎಂಬ ರೆಸಿಸ್ಟರ್‌ಗಳು ಒಂದು ತಟ್ಟೆಗೆ ಚಿಕ್ಕ ಬಟ್ಟು ಇಟ್ಟ ಹಾಗೆ. ಬಹಳ ಡಬ್ಬಿಗಳಲ್ಲಿ ಇದಕ್ಕೆ ಸ್ವಿಚ್ ಇರುತ್ತದೆ. ಇಡೀ ಹಾರದಲ್ಲಿ ಒಂದು ಕಡೆ ಆನ್ ಮಾಡಿದರೆ ಸಾಕು.

ವೇಗವನ್ನು ಏರಿಸುವ ಆಸೆಯೂ ಬೇಡ. 9600ರಲ್ಲಿ ಹತ್ತು ಲೆಕ್ಕ ಕೇಳಿ ಉತ್ತರ ಪಡೆಯಲು ತಂತಿಯ ಮೇಲೆ ಬೇಕಾದದ್ದು ಸುಮಾರು 35 ಮಿಲಿಸೆಕೆಂಡ್. ಹಾರದಲ್ಲಿ 20 ಎನರ್ಜಿ ಮೀಟರ್ ಇದ್ದರೂ ಒಂದೆರಡು ಸೆಕೆಂಡಿನಲ್ಲಿ ಸುತ್ತು ಮುಗಿಯುತ್ತದೆ. 115200ಕ್ಕೆ ಏರಿಸಿದರೆ ಬಿಟ್‌ನ ಆಯಸ್ಸು 9 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ, ಚಿಕ್ಕ ಗದ್ದಲವೂ ಅದನ್ನು ನುಂಗುತ್ತದೆ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ

ಮಿಲ್‌ನಿಂದ ಗೋಡೌನ್‌ಗೆ, ಒಂದು ಬ್ಲಾಕ್‌ನಿಂದ ಇನ್ನೊಂದಕ್ಕೆ ಕೇಬಲ್ ಎಳೆಯುವಾಗ ಲೆಕ್ಕ ಬದಲಾಗುತ್ತದೆ. ಭೂಮಿ ಎಲ್ಲ ಕಡೆ ಸೊನ್ನೆ ವೋಲ್ಟ್ ಅಲ್ಲ. ಒಂದು ಓಮ್‌ನ ಒಳ್ಳೆಯ ಅರ್ಥ್ ಪಿಟ್‌ಗೆ ಸಿಡಿಲಿನ 10,000 ಆಂಪಿಯರ್ ಇಳಿದರೆ ಆ ಜಾಗ ಆ ಕ್ಷಣ 10,000 ವೋಲ್ಟಿಗೆ ಏರುತ್ತದೆ. ದೂರದ ಕಟ್ಟಡ ಸೊನ್ನೆಯಲ್ಲೇ ಇರುತ್ತದೆ. ನಡುವೆ ಸಿಕ್ಕಿಕೊಂಡದ್ದು ನಿಮ್ಮ ಕೇಬಲ್. ಮುಂಗಾರು ಪೂರ್ವ ಗುಡುಗು ಮಳೆಯ ಮರುದಿನ ಮೀಟರ್‌ಗಳು ಸಾಲಾಗಿ ಸಾಯುವುದಕ್ಕೆ ಇದು ದೊಡ್ಡ ಕಾರಣ.

ಇಲ್ಲಿ ಶೀಲ್ಡ್ ಒಂದು ಕಡೆ ಮಾತ್ರ ನೇರ ಸೇರಲಿ. ಎರಡೂ ತುದಿಗೆ ಸರ್ಜ್ (ದಿಢೀರನೆ ಏರುವ ವೋಲ್ಟೇಜ್) ತಡೆಯುವ ಸಾಧನ ಬೇಕು. ತಂತಿಯ ನಂಟು ತಪ್ಪಿಸಿ ಮಾತನ್ನು ಮಾತ್ರ ದಾಟಿಸುವ ಐಸೊಲೇಟರ್ ಇದ್ದರೆ ತಕ್ಕಡಿ ಜಂತೆಗೆ ತಾಗುವ ಭಯ ಹೋಗುತ್ತದೆ. ಆದರೆ ನೇರ ಸಿಡಿಲಿನ ಮುಂದೆ ಅದಕ್ಕೂ ಮಿತಿ ಇದೆ. ಎಲ್ಲಕ್ಕಿಂತ ನೆಮ್ಮದಿ ಲೋಹದ ತಂತಿ ಇಲ್ಲದ ಆಪ್ಟಿಕಲ್ ಫೈಬರ್. ಗಾಜಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ.

ಮಲ್ಟಿಮೀಟರ್ ಹಿಡಿದು

ಮಿಲ್‌ನಲ್ಲಿ ಕೊನೆಗೆ ಮಾಡಿದ್ದು ಇಷ್ಟು. ಮೋಟರಿನಿಂದ ಡ್ರೈವ್‌ಗೆ ನೇರ ಅರ್ಥ್ ತಂತಿ ಎಳೆಸಿದೆವು. ಎರಡು ಜೋಡಿಯ ಶೀಲ್ಡ್ ಕೇಬಲ್ಲನ್ನು ಎದುರು ಗೋಡೆಯ ಮೇಲೆ ಬೇರೆ ಪೈಪಿನಲ್ಲಿ ತಂದೆವು. ಕಾಮನ್ ಬೇರೆ, ಶೀಲ್ಡ್ ಬೇರೆ ಮಾಡಿದೆವು. ಆಮೇಲೆ ಅಳತೆ. ಇದನ್ನು ಪ್ಯಾನೆಲ್ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಎಲ್ಲ ಆಫ್ ಇದ್ದಾಗ ಎ-ಬಿ ನಡುವೆ ಸುಮಾರು 60 ಓಮ್ ಬರಬೇಕು. ತುದಿಗಳ ಎರಡು 120 ಓಮ್ ರೆಸಿಸ್ಟರ್ ಪ್ಯಾರಲಲ್ ಆಗಿ ಸೇರಿದರೆ ಅರ್ಧ ಆಗುತ್ತದೆ. 120 ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ತಂತಿ ಎಲ್ಲೋ ತುಂಡಾಗಿದೆ. 40 ಬಂದರೆ ಒಂದು ಜಾಸ್ತಿ ಇದೆ. ಕಾಮನ್ ಸೇರಿಸುವ ಮೊದಲು ಎಲ್ಲ ಆನ್ ಮಾಡಿ ಎರಡು ತುದಿಗಳ ಕಾಮನ್ ನಡುವೆ ಎಸಿ, ಡಿಸಿ ಎರಡೂ ಅಳೆಯಿರಿ. ಒಂದೆರಡು ವೋಲ್ಟ್ ಪರವಾಗಿಲ್ಲ. ಹತ್ತು ವೋಲ್ಟ್ ಕಂಡರೆ ಕೇಬಲ್ ಕೆಲಸ ನಿಲ್ಲಿಸಿ ಅರ್ಥಿಂಗ್ ನೋಡಿಸಿ. ಡಬ್ಬಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಾಗ ಎ-ಬಿ ನಡುವೆ 0.2 ವೋಲ್ಟಿಗಿಂತ ಹೆಚ್ಚು ನಿಂತಿರಬೇಕು. ಯಾವ ಮೀಟರೂ ಉತ್ತರ ಕೊಡದಿದ್ದರೆ ಎ ಮತ್ತು ಬಿ ಅದಲು ಬದಲು ಮಾಡಿ ನೋಡಿ. ಕೆಲವು ಕಂಪನಿಗಳ ಎ ಇನ್ನು ಕೆಲವರ ಬಿ. ಅದರಿಂದ ಏನೂ ಸುಡುವುದಿಲ್ಲ.

ಕೊನೆಗೆ ಡ್ರೈವ್‌ಗಳನ್ನು ಒಂದೊಂದಾಗಿ ಆನ್ ಮಾಡುತ್ತ ಆ್ಯಪ್ ನೋಡಿದೆವು. ಪಾಲಿಶರ್ ಪೂರ್ತಿ ವೇಗಕ್ಕೆ ಬಂದಾಗಲೂ ಆರು ಮೀಟರ್‌ಗಳೂ ಉತ್ತರ ಕೊಡುತ್ತಿದ್ದವು. ಅಲ್ಲಿನ ಎಲೆಕ್ಟ್ರಿಷಿಯನ್ ಮೂರೂ ಅಳತೆಗಳನ್ನು ತಾರೀಖು ಸಮೇತ ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದರು. ಮುಂದಿನ ಸಲ ‘ಆಫ್‌ಲೈನ್’ ಬಂದಾಗ ಮೊದಲು ಅಳೆದು ಆ ಚೀಟಿಯ ಜೊತೆ ತಾಳೆ ನೋಡುತ್ತಾರೆ.